ಊಹಿಸಿದ್ದನ್ನು ಕಂಡೆನೆನ್ನಬಹುದೇ?



ಸೇಲಂ, ಧರ್ಮಪುರಿ ಕಡೆಯ ನಮ್ಮಲ್ಲಿ ಮರಗೆಣಸನ್ನು ಅರಿಯದವರು ಯಾರು? ಸೇಲಂನ ಸಬ್ಬಕ್ಕಿ ಕಾರ್ಖಾನೆಗಳು ನಡೆಯುವುದೇ ಅದರಿಂದ. ಎಲೆ ಹಳದಿಯಾಗಿ ಮುರುಟುವ ಮೊಸಾಯಿಕ್ ರೋಗವೂ ಹೊಸತಲ್ಲ. ಬಿಳಿನೊಣ ಅದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. ರೋಗದ ಗಿಡದಿಂದ ಕಡಿದ ಬಿತ್ತನೆ ಕಡ್ಡಿಯ ಮೂಲಕ ಮುಂದಿನ ಬೆಳೆಗೂ ಹೋಗುತ್ತದೆ.

ಈ ರೋಗದ ವೈರಸ್ಸಿಗೆ ತನ್ನ ಡಿಎನ್‌ಎ ನಕಲು ಮಾಡಿಕೊಳ್ಳುವ ಸ್ವಂತ ಸಾಧನವಿಲ್ಲ. ಗಿಡದ ಪ್ರೋಟೀನನ್ನೇ ಬಳಸಿಕೊಳ್ಳುತ್ತದೆ. ಆಫ್ರಿಕಾದ ಕೆಲವು ಮರಗೆಣಸು ತಳಿಗಳು ರೋಗ ತಡೆದುಕೊಳ್ಳುವುದಕ್ಕೂ ಅಂಥದೊಂದು ಪ್ರೋಟೀನಿನಲ್ಲಿರುವ ಸಣ್ಣ ಬದಲಾವಣೆಗೂ ನಂಟಿದೆಯೆಂದು 2022ರಲ್ಲಿ ವರದಿಯಾಯಿತು. ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರ. ಅದು ಮಡಚಿಕೊಳ್ಳುವ ರೀತಿಯ ಮೇಲೆ ಅದರ ಕೆಲಸ ನಿಂತಿದೆ. ಆ ಸರ ಹೇಗೆಲ್ಲ ತಿರುಚಿಕೊಳ್ಳಬಲ್ಲದು, ಹೇಗೆ ಆಗದು ಎಂಬುದನ್ನು 1963ರಲ್ಲಿ ಮದ್ರಾಸಿನಲ್ಲಿ ಲೆಕ್ಕಹಾಕಿ ತೋರಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ಇಂದು ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆ ಸರದ ಕ್ರಮವನ್ನು ಓದಿ ರೂಪವನ್ನೇ ಊಹಿಸುತ್ತದೆ. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಚಿತ್ರಗಳು ಉಚಿತವಾಗಿ ಎಲ್ಲರ ಕೈಗೆ ಬಂದವು.

ನನಗೆ ಹಿಡಿಸಿದ್ದು ಆ ಚಿತ್ರಗಳ ಬಣ್ಣ. ಹೆಚ್ಚು ಭರವಸೆಯಿರುವ ಭಾಗ ಕಡುನೀಲಿ. 100ಕ್ಕೆ 50ಕ್ಕಿಂತ ಕಡಿಮೆ ಅಂಕದ ಭಾಗ ಕಿತ್ತಳೆ. ಇದನ್ನು ನಂಬಬೇಡಿರಿ ಎಂದು ಯಂತ್ರವೇ ಹೇಳಿದಂತೆ! ಕಡುನೀಲಿಯಾದರೂ ಅದು ಊಹೆಯೇ. ಒಂದು ಅಮೈನೋ ಆಮ್ಲ ಬದಲಾದರೆ ಗಿಡ ರೋಗದಿಂದ ಪಾರಾದೀತೇ ಎಂಬುದಕ್ಕೆ ಆ ಚಿತ್ರದಲ್ಲಿ ಉತ್ತರವಿಲ್ಲ. ಗಿಡ ನೆಟ್ಟು, ಬಿಳಿನೊಣ ಬರುವತನಕ ಕಾದು, ಎಲೆ ನೋಡಬೇಕು.

ಪ್ರಯೋಗಾಲಯದಿಂದ ಹೊಲಕ್ಕೆ ಬರುವ ದಾರಿಯಲ್ಲಿ ಆ ಕಿತ್ತಳೆ ಬಣ್ಣ ಅಳಿಸಿಹೋದರೆ? ‘ರೋಗ ತಡೆಯಬಹುದು’ ಎಂಬುದು ಬಾಯಿಂದ ಬಾಯಿಗೆ ‘ರೋಗವೇ ಬರದು’ ಎಂದಾಗುತ್ತದೆ. ಕಂಡದ್ದನ್ನು ಕಾಣಲಿಲ್ಲವೆನ್ನುವುದು ಸುಳ್ಳು ಸಾಕ್ಷಿಯೆಂದು ಎಂಟನೆಯ ಆಜ್ಞೆಯ ಪಾಠದಲ್ಲಿ ಕಲಿತವರು ನಾವು. ಊಹಿಸಿದ್ದನ್ನು ಕಂಡೆನೆನ್ನುವುದೂ ಅದೇ ಎಂದು ನನಗನಿಸುತ್ತದೆ, ಹೇಳಿದವರ ಮನಸ್ಸು ಎಷ್ಟೇ ಒಳ್ಳೆಯದಿರಲಿ.

ರೈತನಿಗೆ ಅನುಮಾನದ ಮಾತು ಬೇಡ, ನೇರ ಉತ್ತರ ಬೇಕು ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ಮಳೆ ಬಂದೀತೋ ಇಲ್ಲವೋ ತಿಳಿಯದೆಯೇ ಬಿತ್ತುವವನು ಅವನು. ಖಚಿತವಿಲ್ಲವೆಂದರೆ ಅರ್ಧ ಎಕರೆಗೆ ಮಾತ್ರ ಹೊಸ ಕಡ್ಡಿ ನೆಟ್ಟು, ಉಳಿದದ್ದಕ್ಕೆ ಹಳೆಯದನ್ನೇ ನೆಡುತ್ತಾನೆ. ಖಚಿತವೆಂದು ನಂಬಿಸಿದರೆ ಹೊಲವನ್ನೆಲ್ಲ ಒಪ್ಪಿಸಿಬಿಡುತ್ತಾನೆ. ಗೆಡ್ಡೆ ಕೀಳಲು ಒಂಬತ್ತು ಹತ್ತು ತಿಂಗಳು ಬೇಕು. ಅಷ್ಟರಲ್ಲಿ ನಂಬಿಸಿದವನು ಬೇರೆ ಊರಿನಲ್ಲಿರುತ್ತಾನೆ.