ತಬ್ಬಲಿ ಮರಿಯ ಹಾಲಿನ ಲೆಕ್ಕ



ನಿಮ್ಮ ಹಟ್ಟಿಯಲ್ಲಿ ರಾತ್ರಿ ಕುರಿಯೊಂದು ಮರಿ ಹಾಕಿ ಸತ್ತುಹೋಯಿತು ಎಂದಿಟ್ಟುಕೊಳ್ಳಿ. ಫಜ್ರ್ ನಮಾಝ್ ಮುಗಿಸಿ ಹೋಗಿ ನೋಡಿದರೆ ಎರಡೂವರೆ ಕಿಲೋ ತೂಕದ ಪುಟ್ಟ ಜೀವವೊಂದು ನಡುಗುತ್ತಾ ಸತ್ತ ತಾಯಿಯ ಕೆಚ್ಚಲನ್ನು ಹುಡುಕುತ್ತಿದೆ. ಮಕ್ಕಳು ಅದನ್ನು ಎತ್ತಿಕೊಂಡು ಒಳಗೆ ಓಡುತ್ತಾರೆ. ನೀವು ಮಾತ್ರ ಅಲ್ಲೇ ನಿಂತು, ಇದಕ್ಕೆ ಹಾಲು ಎಲ್ಲಿಂದ ತರುವುದು ಎಂದು ಲೆಕ್ಕ ಹಾಕುತ್ತೀರಿ.

ಲೆಕ್ಕ ಹಾಕುವುದು ತಪ್ಪಲ್ಲ. ಮೊದಲು ಆ ಲೆಕ್ಕವನ್ನೇ ನೋಡೋಣ. ಹುಟ್ಟಿದ ಒಂದೆರಡು ಗಂಟೆಯೊಳಗೆ ಮರಿಗೆ ಗಿಣ್ಣುಹಾಲು ಸಿಗಬೇಕು. ರೋಗ ತಡೆಯುವ ಶಕ್ತಿ ಅದರಲ್ಲೇ ಇದೆ. ಆಗತಾನೇ ಈದ ಬೇರೆ ಕುರಿಯದೋ ಮೇಕೆಯದೋ ಹಸುವಿನದೋ ಆದರೂ ಆದೀತು. ಮೊದಲ ದಿನ ಸುಮಾರು ಅರ್ಧ ಲೀಟರನ್ನು ಸ್ವಲ್ಪ ಸ್ವಲ್ಪವಾಗಿ ಐದಾರು ಬಾರಿ ಕುಡಿಸಬೇಕು. ಮೈ ತಣ್ಣಗಾಗಿದ್ದರೆ ಮೊದಲು ಬೆಚ್ಚಗೆ ಮಾಡಿ ಆಮೇಲೆ ಹಾಲು ಕೊಡಬೇಕು. ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ನಿಲ್ಲಿಸಿಯೇ ಕುಡಿಸಬೇಕು. ಎರಡು ವಾರದ ಹೊತ್ತಿಗೆ ಮರಿ ಎಳೆಯ ಹಸಿರು ಮೇವನ್ನು ಮೆಲ್ಲಲು ಕಲಿಯುತ್ತದಾದರೂ ಹಾಲು ಬಿಡಿಸಲು ಸುಮಾರು ಎರಡು ತಿಂಗಳು ಬೇಕು. ದಿನಕ್ಕೆ ಸರಾಸರಿ 600 ಮಿಲಿಲೀಟರ್ ಎಂದು ಹಿಡಿದರೆ 36 ಲೀಟರ್ ಹಾಲು. ಲೀಟರಿಗೆ 50 ರೂಪಾಯಿಯಂತೆ 1,800 ರೂಪಾಯಿ. ರಾತ್ರಿ ಎದ್ದು ಬಾಟಲಿ ಬೆಚ್ಚಗೆ ಮಾಡುವ ಮನೆಯಾಕೆಯ ನಿದ್ದೆ ಈ ಲೆಕ್ಕದಲ್ಲಿ ಸೇರಿಲ್ಲ. ಇಷ್ಟೆಲ್ಲ ಮಾಡಿದರೂ ಮರಿ ಬದುಕುತ್ತದೆಂಬ ಖಾತರಿಯಿಲ್ಲ.

ಹಾಗಾದರೆ ಇದು ದುಂದುವೆಚ್ಚವೇ? ಖಂಡಿತ ಅಲ್ಲ. ಬಾಯಾರಿದ ನಾಯಿಗೆ ಬಾವಿಗಿಳಿದು ನೀರು ತಂದು ಕುಡಿಸಿದ ಮನುಷ್ಯನನ್ನು ಅಲ್ಲಾಹನು ಕ್ಷಮಿಸಿದನೆಂದು ಪ್ರವಾದಿ(ಸ)ರು ತಿಳಿಸಿದಾಗ, ಪ್ರಾಣಿಗಳ ವಿಷಯದಲ್ಲೂ ನಮಗೆ ಪ್ರತಿಫಲವಿದೆಯೇ ಎಂದು ಸಹಾಬಿಗಳು ವಿಚಾರಿಸಿದ್ದರು. ಜೀವವಿರುವ ಪ್ರತಿಯೊಂದರ ವಿಷಯದಲ್ಲೂ ಪ್ರತಿಫಲವಿದೆಯೆಂದು ಅವರು ಉತ್ತರಿಸಿದರು. ಪ್ರವಾದಿ(ಸ)ರು ಸ್ವತಃ ಮಕ್ಕಾದವರ ಕುರಿಗಳನ್ನು ಕಾಯ್ದವರು. ಮರಿ ಉಳಿಯುವುದೂ ಅಳಿಯುವುದೂ ಅಲ್ಲಾಹನ ಇಚ್ಛೆ. ನಿಮ್ಮ ಸಂಕಲ್ಪ ಮತ್ತು ಶ್ರಮ ಅವನ ಬಳಿ ನಷ್ಟವಾಗದು.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಬೆಕ್ಕಿನಿಂದಾಗಿ ಶಿಕ್ಷೆಗೊಳಗಾದ ಸ್ತ್ರೀಯ ಕುರಿತು ನೀವು ಕೇಳಿರಬಹುದು. ಆಕೆ ಅದನ್ನು ಕಟ್ಟಿಹಾಕಿದಳು, ಉಣಿಸಲೂ ಇಲ್ಲ, ತಾನೇ ಹುಡುಕಿ ತಿನ್ನಲು ಬಿಡಲೂ ಇಲ್ಲ. ಎರಡು ದಿನ ಮುದ್ದಾಡಿ, ಮೂರನೆಯ ದಿನದಿಂದ ಹಾಲಿಗೆ ನೀರು ಬೆರೆಸಿ, ವಾರದ ಬಳಿಕ ಮರೆತುಬಿಡುವವರು ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳಲಿ. ಮನೆಯೊಳಗೆ ತಂದ ಮರಿಗೆ ಬೇರೆ ದಾರಿಯಿಲ್ಲ. ಅದು ನಿಮ್ಮ ಕೈಯಲ್ಲಿರುವ ಅಮಾನತ್ತು. ಮೇವು ಕೊಡಲಾಗದವನು ಪ್ರಾಣಿಯನ್ನು ಮಾರಬೇಕು, ಇಲ್ಲವೇ ತಿನ್ನಬಹುದಾದ ಪ್ರಾಣಿಯಾದರೆ ಜಿಬಹ್ ಮಾಡಬೇಕು, ಹಸಿವಿನಲ್ಲಿ ಇಟ್ಟುಕೊಳ್ಳುವ ಹಕ್ಕು ಅವನಿಗಿಲ್ಲ ಎಂದು ಕರ್ಮಶಾಸ್ತ್ರ ಪಂಡಿತರು ಹೇಳಿದ್ದಾರೆ. ನಿಮ್ಮ ಮಕ್ಕಳ ಪಾಲಿನ ಹಾಲೇ ಕಡಿಮೆಯಾಗುವಂತಿದ್ದರೆ ಹಾಲು ಕರೆಯುವ ಮೇಕೆ ಇರುವ ನೆರೆಯವರಿಗೆ ಮರಿಯನ್ನು ಒಪ್ಪಿಸಿರಿ. ಅದೂ ಕರುಣೆಯೇ. ನಾಳೆ ಅದನ್ನು ಬಕ್ರೀದ್‌ಗೆ ಕೊಡುವಿರೆಂಬುದು ಇಂದು ಅರೆಹೊಟ್ಟೆ ಉಣಿಸಲು ಕಾರಣವಾಗದು.

ಕೊನೆಯದಾಗಿ ಒಂದು ಮಾತು. ಅರಬೀ ಭಾಷೆಯಲ್ಲಿ ಮನುಷ್ಯರ ಪೈಕಿ ತಂದೆಯನ್ನು ಕಳೆದುಕೊಂಡ ಮಗು 'ಯತೀಮ್', ಪ್ರಾಣಿಗಳ ಪೈಕಿ ತಾಯಿಯನ್ನು ಕಳೆದುಕೊಂಡ ಮರಿ 'ಯತೀಮ್'. ಅನ್ನ ತರುವ ಕೈ ಯಾರದೋ ಅವರನ್ನು ಕಳೆದುಕೊಳ್ಳುವುದೇ ಅನಾಥತೆ. ಮರಿಯ ಬಾಯಿಗೆ ಬಾಟಲಿ ಹಿಡಿದ ಮಗುವನ್ನು ಹತ್ತಿರ ಕರೆದು ಈ ಮಾತನ್ನು ತಿಳಿಸಿರಿ. ಬಳಿಕ ನಿಮ್ಮ ಬೀದಿಯನ್ನೊಮ್ಮೆ ನೋಡಿರಿ. ತಂದೆಯಿಲ್ಲದ ಮಗುವೊಂದು ಅಲ್ಲಿ ಶಾಲೆಯ ಫೀಸಿಗಾಗಿ, ಒಂದು ಲೋಟ ಹಾಲಿಗಾಗಿ ಕಾಯುತ್ತಿಲ್ಲವೇ? ಮರಿಗಾಗಿ ರಾತ್ರಿ ಎದ್ದವರು ಆ ಮಗುವಿನ ಬಾಗಿಲನ್ನು ಹಗಲಲ್ಲೂ ತಟ್ಟದಿದ್ದರೆ ನಮ್ಮ ಕರುಣೆ ಹಟ್ಟಿಯಲ್ಲೇ ನಿಂತುಬಿಟ್ಟಂತೆ. ಮರಿಯ ಪಾಲನ್ನು ಕಿತ್ತು ಮಗುವಿಗೆ ಕೊಡಬೇಕೆಂದಲ್ಲ. ಒಂದು ಜೀವಕ್ಕೆ ತೆರೆದ ಕೈ ಇನ್ನೊಂದಕ್ಕೂ ತೆರೆಯಲಿ ಎಂದಷ್ಟೆ.

ಭೂಮಿಯ ಮೇಲಿನ ಪ್ರತಿಯೊಂದು ಜೀವಿಯ ಅನ್ನಾಧಾರದ ಹೊಣೆ ಅಲ್ಲಾಹನದು. ಆ ಅನ್ನವನ್ನು ಅವನು ಕೆಲವೊಮ್ಮೆ ನಮ್ಮ ಕೈಯಿಂದ ಕೊಡಿಸುತ್ತಾನೆ. ಆ ಕೈಯನ್ನು ಹಿಂದೆಗೆಯದಿರುವ ಭಾಗ್ಯವನ್ನು ಅವನು ನಮಗೆಲ್ಲ ಕರುಣಿಸಲಿ. ಆಮೀನ್.