ಜುಲೈಬೀಬ್: ನಾವು ಇಡದ ಹೆಸರು

ನಮ್ಮ ಪರಿಚಯದ ಯುವಕರೊಬ್ಬರಿಗೆ ಗಂಡು ಮಗು ಹುಟ್ಟಿತು. ಏಳನೆಯ ದಿನ ಅಕೀಕಾ, ಅಂದೇ ಹೆಸರಿಡಬೇಕು. ಎರಡು ದಿನ ಮೊದಲು ಅವರು ನಮ್ಮನ್ನು ಕಾಣಲು ಬಂದಾಗ ಅವರ ಮೊಬೈಲಿನಲ್ಲಿ ನಲವತ್ತಕ್ಕೂ ಹೆಚ್ಚು ಹೆಸರುಗಳ ಪಟ್ಟಿಯಿತ್ತು. ಹೆಸರು ಅರಬಿಯದಾಗಿರಬೇಕು, ಅರ್ಥ ಚೆನ್ನಾಗಿರಬೇಕು, ಮೊಹಲ್ಲಾದಲ್ಲಿ ಇನ್ನಾರಿಗೂ ಇರಬಾರದು ಎಂಬುದು ಅವರ ಷರತ್ತು. ಮೂರನೆಯದಕ್ಕೇ ಅವರ ಒತ್ತು ಹೆಚ್ಚು. ಅಪರೂಪದ ಹೆಸರೇ ಬೇಕಿದ್ದರೆ ಒಂದಿದೆ, ಜುಲೈಬೀಬ್ ಎಂದು ನಾವೆಂದೆವು. ಸಹಾಬಿಯೊಬ್ಬರ ಹೆಸರು. ಮೊಹಲ್ಲಾ ಹಾಗಿರಲಿ, ಇಡೀ ಜಿಲ್ಲೆಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಅವರು ಒಂದು ಕ್ಷಣ ಸುಮ್ಮನಿದ್ದು ನಕ್ಕರು. "ಶಾಲೆಯಲ್ಲಿ ಮಕ್ಕಳು ಇವನನ್ನು ಜಿಲೇಬಿ ಎಂದು ಕರೆಯುತ್ತಾರೆ ಸಾಹೇಬರೇ" ಎಂದರು.

ಮಾತು ಸುಳ್ಳಲ್ಲ. ಕರೆದೇ ಕರೆಯುತ್ತಾರೆ. (ಜಿಲೇಬಿ ಎಂಬ ಪದವೂ ಅರಬಿಯ ಝಲಾಬಿಯಾದಿಂದ ಪಾರ್ಸಿಯ ಮೂಲಕ ನಮ್ಮಲ್ಲಿಗೆ ಬಂದದ್ದು ಎಂಬುದು ಬೇರೆ ವಿಷಯ.) ಆದರೆ ಅವರು ಹೋದ ಮೇಲೂ ಆ ಹೆಸರು ನಮ್ಮನ್ನು ಬಿಡಲಿಲ್ಲ. ಅಪರೂಪದ ಹೆಸರಿಗಾಗಿ ಇಷ್ಟೊಂದು ಹುಡುಕಾಡುವ ನಾವು ಈ ಅಪರೂಪವನ್ನೇಕೆ ಒಲ್ಲೆವು? ಒಳ್ಳೆಯ ಅರ್ಥದ ಹೆಸರು ಬೇಕು ಎನ್ನುವಾಗ ಆ ಅರ್ಥವನ್ನು ನಾವು ಹುಡುಕುವುದು ನಿಘಂಟಿನಲ್ಲೋ, ಆ ಹೆಸರನ್ನು ಹೊತ್ತು ಬದುಕಿದವರಲ್ಲೋ?

ನಿಘಂಟನ್ನೇ ಮೊದಲು ನೋಡೋಣ. ಜಿಲ್ಬಾಬ್ ಎಂದರೆ ಮೈಮೇಲೆ ಹೊದೆಯುವ ಹೊರ ಉಡುಪು. ಕುರ್‌ಆನಿನ ಅಹ್‌ಝಾಬ್ ಅಧ್ಯಾಯದ 59ನೇ ಸೂಕ್ತದಲ್ಲಿ ಇದರ ಬಹುವಚನ ರೂಪ ಬಂದಿದೆ. ಅರಬಿಯಲ್ಲಿ ಒಂದು ಪದವನ್ನು ಚಿಕ್ಕದು ಮಾಡಿ ಹೇಳುವ ಕ್ರಮವಿದೆ. ಹಸನ್ ಹುಸೈನ್ ಆಗುತ್ತದೆ, ಉಮರ್ ಉಮೈರ್ ಆಗುತ್ತದೆ, ಅಬ್ದ್ ಉಬೈದ್ ಆಗುತ್ತದೆ. ಹಾಗೆಯೇ ಜಿಲ್ಬಾಬ್ ಜುಲೈಬೀಬ್ ಆಯಿತು. ಪುಟ್ಟ ಹೊದಿಕೆ, ಅಷ್ಟೇ ಇದರ ಅರ್ಥ. ನಮ್ಮಲ್ಲಿ ಪುಟ್ಟಸ್ವಾಮಿ, ಚಿಕ್ಕಣ್ಣ ಎಂದೂ ಕರಾವಳಿಯಲ್ಲಿ ಕುಂಞಿಮೋನು ಎಂದೂ ಹೆಸರಿಡುವುದಿಲ್ಲವೇ? ಚಿಕ್ಕದು ಮಾಡುವುದರಲ್ಲಿ ಮುದ್ದೂ ಇರಬಹುದು, ತಾತ್ಸಾರವೂ ಇರಬಹುದು. ಕರೆಯುವವರ ದನಿಯಲ್ಲಿ ಅದು ತಿಳಿಯುತ್ತದೆ. ಮದೀನದ ಜನ ಜುಲೈಬೀಬ್ ಎನ್ನುತ್ತಿದ್ದಾಗ ಅವರ ದನಿ ಹೇಗಿತ್ತು ಎಂಬುದಕ್ಕೆ ಒಂದು ಸಾಕ್ಷ್ಯವಿದೆ. ಅದು ಮುಂದೆ ಬರುತ್ತದೆ.

ಅರಬರಲ್ಲಿ ಹೆಸರು ಒಂಟಿಯಾಗಿ ನಿಲ್ಲುವುದಿಲ್ಲ. ಇಂಥವರ ಮಗ, ಅವರು ಇಂಥವರ ಮಗ, ಇಂಥ ಗೋತ್ರದವರು ಎಂದು ಅದು ಬೆಳೆಯುತ್ತ ಹೋಗುತ್ತದೆ. ಅಂದಿನ ಸಮಾಜದಲ್ಲಿ ಆ ಬಾಲವೇ ಮನುಷ್ಯನಿಗೆ ರಕ್ಷಣೆ. ಯಾರಾದರೂ ಕೊಂದರೆ ಕೇಳುವವರಿದ್ದಾರೆ ಎಂಬುದರ ಗುರುತು ಅದು. ಜುಲೈಬೀಬ್(ರ)ರ ಹೆಸರಿಗೆ ಈ ಬಾಲವಿಲ್ಲ. ಸಹಾಬಿಗಳ ಚರಿತ್ರೆಯನ್ನು ಒಂದೆಡೆ ಕಲೆಹಾಕಿದ ಇಬ್ನ್ ಹಜರ್‌ರ 'ಅಲ್ ಇಸಾಬಾ'ದಲ್ಲಿ ಅವರ ವಂಶದ ಉಲ್ಲೇಖವಿಲ್ಲ. ತಂದೆ ಯಾರೆಂದು ತಿಳಿಯದವರನ್ನು ನಿಮ್ಮ ಧರ್ಮಬಾಂಧವರೆಂದೂ ಸಂಗಡಿಗರೆಂದೂ ಪರಿಗಣಿಸಿರಿ ಎಂದು ಅದೇ ಅಹ್‌ಝಾಬ್ ಅಧ್ಯಾಯದ 5ನೇ ಸೂಕ್ತ ಹೇಳುತ್ತದೆ. ಆಜ್ಞೆಯೇನೋ ಬಂತು. ಮನೆಗಳ ಒಳಗೆ ಅದು ಇಳಿಯಲು ಸಮಯ ಬೇಕಾಯಿತು.

ಇಮಾಮ್ ಅಹ್ಮದ್‌ರ 'ಮುಸ್ನದ್'ನಲ್ಲಿರುವ ವರದಿ ಇದು. ಪ್ರವಾದಿ(ಸ)ರು ಅನ್ಸಾರ್‌ಗಳಲ್ಲೊಬ್ಬರ ಬಳಿ ಅವರ ಮಗಳ ಸಂಬಂಧ ಕೇಳಿದರು. ಅವರಿಗೆ ಎಲ್ಲಿಲ್ಲದ ಸಂತೋಷ. ನನಗಾಗಿ ಕೇಳುತ್ತಿಲ್ಲ ಎಂದರು ಪ್ರವಾದಿ. ಮತ್ತೆ ಯಾರಿಗಾಗಿ? ಜುಲೈಬೀಬ್‌ಗಾಗಿ. ಆ ತಂದೆ ಇಲ್ಲವೆನ್ನಲಾರದೆ, ಹೂಂ ಎನ್ನಲೂ ಆಗದೆ, ಹುಡುಗಿಯ ತಾಯಿಯನ್ನು ಕೇಳಿ ಹೇಳುತ್ತೇನೆಂದು ಮನೆಗೆ ಬಂದರು. ಹೆಣ್ಣು ಹೆತ್ತವರು ಇಂದಿಗೂ ಹೇಳುವ ಮಾತೇ ಅದು. ತಾಯಿಗೂ ಮೊದಲು ಸಂತೋಷ, ಆಮೇಲೆ ಹೆಸರು ಕೇಳಿದ ಕೂಡಲೇ ಸಿಟ್ಟು. ಜುಲೈಬೀಬೇ, ಜುಲೈಬೀಬೇ ಎಂದು ಮತ್ತೆ ಮತ್ತೆ ಆ ಹೆಸರನ್ನೇ ಹೇಳಿ ನಿರಾಕರಿಸಿದರು. ಕಾರಣ ಹೇಳುವ ಅಗತ್ಯವೇ ಅವರಿಗೆ ಕಾಣಲಿಲ್ಲ. ಆ ಹೆಸರನ್ನು ಉಚ್ಚರಿಸಿದರೆ ಸಾಕು, ಅದೇ ಕಾರಣ. ನಾವು ಮೇಲೆ ಹೇಳಿದ ಸಾಕ್ಷ್ಯ ಇದು. ಅವರ ಮುಖದಲ್ಲಿ ಚೆಲುವಿರಲಿಲ್ಲವೆಂದೂ ವರದಿಯಿದೆ.

ಒಳಗಿದ್ದ ಮಗಳು ಇದನ್ನೆಲ್ಲ ಕೇಳಿಸಿಕೊಂಡಳು. ಸಂಬಂಧ ಕೇಳಿದವರು ಯಾರು ಎಂದು ಕೇಳಿದಳು. ತಿಳಿದ ಮೇಲೆ, ದೇವಸಂದೇಶವಾಹಕರ ಮಾತನ್ನು ನೀವು ತಿರಸ್ಕರಿಸುತ್ತೀರಾ, ನನ್ನನ್ನು ಒಪ್ಪಿಸಿಬಿಡಿ, ಅವರು ನನ್ನನ್ನು ಹಾಳಾಗಲು ಬಿಡುವವರಲ್ಲ ಎಂಬ ಅರ್ಥದ ಮಾತನ್ನಾಡಿದಳು. ಮದುವೆಯಾಯಿತು. ಅವಳ ಬದುಕು ಕಷ್ಟದ್ದಾಗದಿರಲಿ, ಒಳಿತು ಅವಳ ಮೇಲೆ ಸುರಿಯಲಿ ಎಂದು ಪ್ರವಾದಿ(ಸ)ರು ಪ್ರಾರ್ಥಿಸಿದರು. ಅಲ್ಲಾಹನೂ ಅವನ ಸಂದೇಶವಾಹಕರೂ ತೀರ್ಮಾನಿಸಿದ ಮೇಲೆ ವಿಶ್ವಾಸಿ ಸ್ತ್ರೀಪುರುಷರಿಗೆ ಬೇರೆ ಆಯ್ಕೆಯಿಲ್ಲ ಎಂಬ ಸೂಕ್ತವನ್ನು (ಅಹ್‌ಝಾಬ್: 36) ವಿವರಿಸುವಾಗ ಇಬ್ನ್ ಕಸೀರ್ ಈ ಘಟನೆಯನ್ನೂ ಹೇಳುತ್ತಾರೆ.

ಮುಂದಿನ ಭಾಗ 'ಸಹೀಹ್ ಮುಸ್ಲಿಮ್'ನಲ್ಲಿಯೂ ಇದೆ, ವರದಿಗಾರರು ಅಬೂ ಬರ್ಝಾ(ರ). ಒಂದು ಯುದ್ಧ ಮುಗಿದಿತ್ತು. ಯಾರಾದರೂ ಕಾಣೆಯಾಗಿದ್ದಾರೆಯೇ ಎಂದು ಪ್ರವಾದಿ(ಸ)ರು ಕೇಳಿದರು. ಇಂಥವರು, ಇಂಥವರು ಎಂದು ಜನ ಹೆಸರು ಹೇಳಿದರು. ಮತ್ತೆ ಕೇಳಿದರು, ಮತ್ತಷ್ಟು ಹೆಸರು ಬಂದವು. ಮೂರನೆಯ ಬಾರಿ ಕೇಳಿದಾಗ ಇನ್ನಾರೂ ಇಲ್ಲವೆಂದರು. ಆದರೆ ನನಗೆ ಜುಲೈಬೀಬ್ ಕಾಣುತ್ತಿಲ್ಲ ಎಂದರು ಪ್ರವಾದಿ. ಹುಡುಕಿದರು. ಅವರಿಂದ ಹತರಾದ ಏಳು ಮಂದಿಯ ಪಕ್ಕದಲ್ಲಿ ಜುಲೈಬೀಬ್(ರ)ರ ದೇಹವಿತ್ತು. ಇವನು ನನ್ನವನು, ನಾನು ಇವನವನು ಎಂಬರ್ಥದ ಮಾತನ್ನು ಪ್ರವಾದಿ(ಸ)ರು ಹೇಳಿದ್ದು ಅಲ್ಲಿಯೇ. ಅನಂತರ ಅವರನ್ನು ತಮ್ಮ ತೋಳುಗಳ ಮೇಲೆ ಎತ್ತಿಕೊಂಡರು. ಗೋರಿ ತೋಡಿ ಮುಗಿಯುವವರೆಗೆ ಆ ತೋಳುಗಳ ಹೊರತು ಬೇರೆ ಆಸರೆ ಆ ದೇಹಕ್ಕಿರಲಿಲ್ಲ.

ವಂಶದ ಹೆಸರಿಲ್ಲದವನನ್ನು ನಾನು ಇವನವನು ಎಂದು ಹೇಳುವುದೆಂದರೆ ಆ ಹೆಸರಿನ ಮುಂದೆ ಖಾಲಿ ಬಿದ್ದಿದ್ದ ಜಾಗವನ್ನು ತುಂಬಿದಂತೆ. ಪುಟ್ಟ ಹೊದಿಕೆ ಎಂಬ ಅರ್ಥ ನಿಘಂಟಿನಲ್ಲಿ ಇಂದಿಗೂ ಹಾಗೆಯೇ ಇದೆ. ಆದರೆ ಈ ವರದಿಯನ್ನು ಓದಿದವರಿಗೆ ಆ ಹೆಸರು ಕೇಳಿದಾಗ ಹೊದಿಕೆ ನೆನಪಾಗುವುದಿಲ್ಲ.

ಹಾಗೆಂದು ನಿಘಂಟಿನ ಅರ್ಥಕ್ಕೆ ಬೆಲೆಯೇ ಇಲ್ಲವೆಂದು ನಾವು ವಾದಿಸುತ್ತಿಲ್ಲ. ಪ್ರವಾದಿ(ಸ)ರು ಹಲವರ ಹೆಸರು ಬದಲಾಯಿಸಿದ್ದಾರೆ. ಆಸಿಯಾ, ಅಂದರೆ ಅವಿಧೇಯಳು ಎಂಬ ಹೆಸರಿನವರನ್ನು ಜಮೀಲಾ ಎಂದು ಕರೆದರು. (ಫಿರ್‌ಔನನ ಪತ್ನಿಯ ಹೆಸರಿನ ಅಕ್ಷರಗಳೇ ಬೇರೆ, ಗೊಂದಲ ಬೇಡ.) ಪುಣ್ಯವಂತೆ ಎಂಬರ್ಥದ ಬರ್‍ರಾ ಎಂಬ ಹೆಸರನ್ನೂ ಬದಲಾಯಿಸಿದರು. ಅದರಲ್ಲಿ ತನ್ನನ್ನು ತಾನೇ ಹೊಗಳಿಕೊಂಡಂತಾಗುತ್ತದೆ ಎಂಬುದು ಕಾರಣ. ಕೆಟ್ಟ ಹೆಸರಷ್ಟೇ ಅಲ್ಲ, ಅತಿಯಾಗಿ ಒಳ್ಳೆಯ ಹೆಸರೂ ಅವರಿಗೆ ಹಿಡಿಸಲಿಲ್ಲ ಎಂಬುದನ್ನು ಇಂದಿನ ಪಟ್ಟಿಗಳನ್ನು ನೋಡುವವರು ಗಮನಿಸಬೇಕು. ಒರಟು ನೆಲ ಎಂಬರ್ಥದ ಹಝ್ನ್ ಎಂಬವರಿಗೆ ಸಹ್ಲ್, ಅಂದರೆ ಸಮತಟ್ಟು ನೆಲ, ಎಂದು ಹೆಸರಿಟ್ಟುಕೊಳ್ಳಲು ಸೂಚಿಸಿದರು. ತಂದೆ ಇಟ್ಟ ಹೆಸರು ಬದಲಾಯಿಸಲಾರೆ ಎಂದು ಅವರು ಒಪ್ಪಲಿಲ್ಲ. ಆ ಒರಟುತನ ನಮ್ಮ ಮನೆತನದಲ್ಲಿ ಹಾಗೆಯೇ ಉಳಿಯಿತು ಎಂದು ಅವರ ಮೊಮ್ಮಗ, ಪ್ರಸಿದ್ಧ ವಿದ್ವಾಂಸ ಸಈದ್ ಇಬ್ನುಲ್ ಮುಸಯ್ಯಿಬ್ ಹೇಳಿದ್ದನ್ನು ಬುಖಾರಿ ದಾಖಲಿಸಿದ್ದಾರೆ. ಆದರೆ ಕಹಿ ಕಾಯಿಯ ಹೆಸರಿನ ಹಂಝಲಾ(ರ) ಹಂಝಲಾ ಆಗಿಯೇ ಉಳಿದರು. ಮುಳ್ಳುಮರದ ಹೆಸರಿನ ತಲ್ಹಾ(ರ) ತಲ್ಹಾ ಆಗಿಯೇ ಉಳಿದರು. ಜುಲೈಬೀಬ್ ಕೂಡ ಹಾಗೆಯೇ. ಹೆಸರು ಮನುಷ್ಯನನ್ನು ನೋಯಿಸುವಂತಿದ್ದರೆ ಅಥವಾ ಉಬ್ಬಿಸುವಂತಿದ್ದರೆ ಬದಲಾವಣೆ. ಬರೀ ಸಾಧಾರಣವಾಗಿದ್ದರೆ ಅದಕ್ಕೆ ಚಿಕಿತ್ಸೆ ಬೇಕಿಲ್ಲ ಎಂದು ನಮಗನಿಸುತ್ತದೆ.

ಬಿಲಾಲ್ ಎಂಬ ಹೆಸರಿನ ಪಯಣವೇ ಬೇರೆ. ನಿಘಂಟಿನಲ್ಲಿ ತೇವ, ನೀರು ಎಂಬಂಥ ಅರ್ಥ. ಅದೂ ಗುಲಾಮರೊಬ್ಬರ ಹೆಸರು. ಆದರೆ ಇಂದು ಅದಿಲ್ಲದ ಮುಸ್ಲಿಮ್ ನಾಡಿಲ್ಲ. ಅಮೆರಿಕದಲ್ಲಿ 1975ರಲ್ಲಿ ವಾರಿಸ್ ದೀನ್ ಮುಹಮ್ಮದ್ ನಾಯಕತ್ವ ವಹಿಸಿದ ಮೇಲೆ ಅಲ್ಲಿನ ಕರಿಯ ಮುಸ್ಲಿಮರು ಕೆಲಕಾಲ ತಮ್ಮನ್ನು ಬಿಲಾಲಿಯನ್ ಎಂದೇ ಕರೆದುಕೊಂಡರು, ತಮ್ಮ ಪತ್ರಿಕೆಗೂ 'ಬಿಲಾಲಿಯನ್ ನ್ಯೂಸ್' ಎಂದು ಹೆಸರಿಟ್ಟರು. ಬಿಲಾಲ್(ರ)ರಿಗೆ ಅಝಾನ್ ಇತ್ತು, ದಿನಕ್ಕೆ ಐದು ಬಾರಿ ನೆನಪಿಸುವ ದನಿಯಿತ್ತು. ಜುಲೈಬೀಬ್(ರ)ರು ಬಿಟ್ಟುಹೋದ ದನಿಯಿಲ್ಲ, ಅವರು ವರದಿ ಮಾಡಿದ ಮಾತುಗಳಿಲ್ಲ. ಇದ್ದದ್ದು ಅವರಿಲ್ಲವೆಂದು ಒಬ್ಬರು ಗಮನಿಸಿದರು ಎಂಬುದೊಂದೇ.

ನಮ್ಮ ಅಜ್ಜಂದಿರ ಕಾಲದಲ್ಲಿ ಅಪರೂಪ ಎಂಬುದು ಹೆಸರಿನ ಗುಣವೇ ಆಗಿರಲಿಲ್ಲ. ಕರಾವಳಿಯ ಒಂದೊಂದು ಓಣಿಯಲ್ಲಿ ನಾಲ್ಕಾರು ಮೊಯ್ದೀನರು, ಉತ್ತರ ಕರ್ನಾಟಕದ ಒಂದೊಂದು ಹಳ್ಳಿಯಲ್ಲಿ ನಾಲ್ಕಾರು ದಸ್ತಗೀರಸಾಬರು. ಎರಡೂ ಬಗ್ದಾದಿನ ಶೇಖ್ ಅಬ್ದುಲ್ ಖಾದಿರ್ ಜೀಲಾನಿಯವರ ನೆನಪೇ. ಕಲಬುರಗಿಯ ಕಡೆ ಬಂದೇನವಾಜ್ ಎಂಬ ಹೆಸರು ಇಂದಿಗೂ ಧಾರಾಳವಾಗಿದೆ. ಆ ಹಿರಿಯರು ನಿಘಂಟು ತೆಗೆದು ನೋಡಿದವರಲ್ಲ. ಹೆಸರಿನ ಅರ್ಥವೇನೆಂದು ಕೇಳಿದರೆ ಒಬ್ಬ ಮನುಷ್ಯನನ್ನು ತೋರಿಸುತ್ತಿದ್ದರು. ಈಗ ನಾವು ಎರಡು ಅಕ್ಷರದ, ನುಣುಪಾದ, ಯಾರ ನೆನಪೂ ಅಂಟಿಕೊಳ್ಳದ ಹೆಸರು ಹುಡುಕುತ್ತೇವೆ. ಮಗು ಯಾರಂತೆಯೂ ಇರಬಾರದೆಂಬುದು ನಮ್ಮ ಆಸೆ. ಅದರಲ್ಲಿ ತಪ್ಪಿದೆಯೆಂದು ಹೇಳುವುದಿಲ್ಲ. ಆದರೆ ಜುಲೈಬೀಬ್‌ನಂತಿರಬಾರದು ಎಂಬ ಆಸೆ ನಮ್ಮಲ್ಲಿ ಅದಕ್ಕಿಂತ ಗಟ್ಟಿಯಾಗಿದೆಯೋ ಏನೋ. ಮದುವೆಯ ಬಯೋಡೇಟಾದಲ್ಲಿ ಎತ್ತರ, ಬಣ್ಣ, ಮನೆತನ ಇವನ್ನೇ ಮೊದಲು ಓದುವ ನಾವು ಆ ತಾಯಿಯ ಬಗ್ಗೆ ಮಾತಾಡುವಾಗ ಸ್ವಲ್ಪ ತಗ್ಗಿದ ದನಿಯಲ್ಲಿ ಮಾತಾಡುವುದು ಒಳ್ಳೆಯದು.

ನಮ್ಮ ಕಥೆಯನ್ನೇ ಹೇಳಬೇಕು. ನಾವು ನಮಾಝಿಗೆ ಹೋಗುವ ಮಸೀದಿಯಲ್ಲಿ ಒಬ್ಬರು ವರ್ಷಗಟ್ಟಲೆ ಚಾಪೆ ಹಾಸುತ್ತಿದ್ದರು, ಹೌಝಿನ ನೀರು ಬದಲಾಯಿಸುತ್ತಿದ್ದರು. ನಾವೆಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದೆವು. ಗೌರವದ ಕರೆಯೇ ಅದು. ಒಂದು ಶುಕ್ರವಾರ ಚಾಪೆ ಹಾಸಿರಲಿಲ್ಲ. ಚಾಪೆ ಯಾಕೆ ಹಾಸಿಲ್ಲ ಎಂದು ನಾವು ಕೇಳಿದೆವು. ಚಾಚಾ ಎಲ್ಲಿ ಎಂದು ಕೇಳಲಿಲ್ಲ. ಅವರು ಜ್ವರದಲ್ಲಿ ಮಲಗಿದ್ದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಜನಾಝಾದ ಪ್ರಕಟಣೆಯನ್ನು ಬೋರ್ಡಿನ ಮೇಲೆ ಬರೆಯಲು ಸೀಮೆಸುಣ್ಣ ಹಿಡಿದಾಗ ಅಲ್ಲಿದ್ದ ಏಳೆಂಟು ಮಂದಿಯಲ್ಲಿ ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ. ಕೋಣೆಯಿಂದ ರೇಷನ್ ಕಾರ್ಡ್ ತರಿಸಿ, ನೋಡಿಕೊಂಡು ಬರೆದೆವು.

ಅಕೀಕಾದ ದಿನ ಆ ಮಗುವಿಗೆ ಸುಹೈಲ್ ಎಂದು ಹೆಸರಿಟ್ಟರು. ಚೆಂದದ ಹೆಸರು, ಒಂದು ನಕ್ಷತ್ರದ ಹೆಸರೂ ಹೌದು. ಸಹ್ಲ್ ಎಂಬುದನ್ನು ಚಿಕ್ಕದು ಮಾಡಿದ ರೂಪವಾದ್ದರಿಂದ, ಹಝ್ನ್ ಒಲ್ಲೆನೆಂದ ಹೆಸರಿನ ಸಮೀಪದ್ದೇ ಎಂದು ನಾವು ಆ ಯುವಕರಿಗೆ ಹೇಳಿದೆವು. ಊಟದ ನಂತರ ಮಗುವಿನ ದಾದಿ ನಮ್ಮನ್ನು ಕರೆಸಿ, ಅವತ್ತು ನೀವು ಹೇಳಿದ ಆ ಜಿಲೇಬಿ ಹೆಸರಿನವರ ಕಥೆಯೇನು ಎಂದು ಕೇಳಿದರು. ಹೇಳಿದೆವು. ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ಪೂರ್ತಿ ಕೇಳಿದರು. ಕೊನೆಗೆ, "ಆ ಹುಡುಗಿಯ ಹೆಸರೇನು ಬೇಟಾ? ಮುಂದಿನ ಸಲ ಹೆಣ್ಣಾದರೆ ಇಡೋಣ" ಎಂದರು. ವರದಿಯಲ್ಲಿ ಅವಳ ಹೆಸರು ಇಲ್ಲ ಎಂದೆವು. ಅವರು ನಂಬಲಿಲ್ಲ. ಸರಿಯಾಗಿ ನೋಡಿ ಹೇಳಿ ಎಂದರು.