ಬಿಲ್ವದ ಎಲೆಯೂ ಪಾತರಗಿತ್ತಿಯೂ

ಊರಿಗಾಮಿನ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿಹೋದುವು. ಅರೆದು ಚಿನ್ನ ತೆಗೆದ ಕಲ್ಲುಹುಡಿಯ ದಿಬ್ಬಗಳು ಮಾತ್ರ ನಿಂತೇ ಇವೆ. ಅಂತಹ ನೆಲದಲ್ಲಿಯೂ ಗೃಹಸ್ಥನು ಅಂಗಳದಲ್ಲಿ ಚೆಂಡುಹೂ, ಕೇಪಳ, ನಿತ್ಯಪುಷ್ಪಗಳನ್ನು ಬೆಳೆಸಿದನೆಂದರೆ ಪಾತರಗಿತ್ತಿಗಳು ತಾವಾಗಿಯೇ ಬರುವುವು. ಸುರುಳಿ ಸುತ್ತಿದ ನಾಲಗೆಯನ್ನು ನೀಡಿ ಮಧುವನ್ನು ಹೀರುವುವು. ಎಲೆಯನ್ನು ಕಡಿಯಲು ಅವಕ್ಕೆ ಹಲ್ಲಿಲ್ಲ. ಮನೆಯವರು ಮಕ್ಕಳನ್ನು ಕರೆದು ತೋರಿಸಿ ಸಂತೋಷಪಡುವರು.

ಅದೇ ಅಂಗಳದಲ್ಲಿ ಪೂಜೆಗೆಂದು ನೆಟ್ಟ ಬಿಲ್ವದ ಗಿಡವೂ ಉಂಟಷ್ಟೆ. ಮುಂಜಾನೆ ಪತ್ರೆಗೆ ಕೈನೀಡಿದ ಭಕ್ತನಿಗೆ ಚಿಗುರಿನ ಮೇಲೆ ಹಕ್ಕಿಯ ಹಿಕ್ಕೆಯಂತಹುದೊಂದು ಕಾಣುವುದು. ಮುಟ್ಟಿದರೆ ಅದು ತಲೆಯ ಹಿಂದಿನಿಂದ ಕವಲೊಡೆದ ಕೊಂಬನ್ನು ಹೊರಚಾಚಿ ಕಟುವಾಸನೆಯನ್ನು ಬೀರುವುದು. ನಿಂಬೆ, ಕರಿಬೇವು, ಬಿಲ್ವಗಳು ಒಂದೇ ಕುಲದ ಗಿಡಗಳು. ಅವನ್ನು ಅರಸಿ ಬಂದು, ಕಾಲಿನಿಂದಲೇ ಎಲೆಯ ರುಚಿಯನ್ನು ನೋಡಿ, ನಿಂಬೆ ಪಾತರಗಿತ್ತಿಯು ಇಟ್ಟ ಮೊಟ್ಟೆಯಿಂದ ಹೊರಟ ಹುಳು ಅದು. ಬೆಳೆದ ಮೇಲೆ ಎಲೆಯಂತೆಯೇ ಹಸಿರಾಗುವುದು. ಪತ್ರೆಯು ಛಿದ್ರವಾದುದನ್ನು ಕಂಡು ಭಕ್ತನು ಅದನ್ನು ಹೊಸಕಿಹಾಕುವನು. ಒಂದು ಕೈ ಹೂವನ್ನೊಡ್ಡಿ ಅತಿಥಿಯನ್ನು ಕರೆಯುತ್ತಿರುವಾಗ ಇನ್ನೊಂದು ಕೈ ಆ ಅತಿಥಿಯ ಕೂಸನ್ನೇ ಕೊಲ್ಲುತ್ತದೆ.

ಇದನ್ನು ದಯೆಯೆನ್ನಬಹುದೆ? ಮಧುವನ್ನು ಹೀರಿದ ಮೇಲೆಯೂ ಹೂವು ಹೂವಾಗಿಯೇ ಉಳಿಯುವುದರಿಂದ ಕೊಟ್ಟವನಿಗೆ ನಷ್ಟವೇನೂ ಇಲ್ಲ. ನಷ್ಟವಿಲ್ಲದ ಈ ಸತ್ಕಾರವನ್ನು ದಾಸೋಹವೆಂದು ಕರೆಯುವುದು ಕಷ್ಟ. ಬೇಡುವವನು ಅಂದವಿಲ್ಲದವನಾಗಿ ಬಂದು, ನಮಗೆ ಬೇಕಾದುದಕ್ಕೇ ಬಾಯಿ ಹಾಕಿದಾಗ ಪರೀಕ್ಷೆ ಮೊದಲಾಗುವುದು.

ಛಿದ್ರವಿಲ್ಲದ ಮೂರೆಲೆಯ ಪತ್ರೆಯೇ ಶ್ರೇಷ್ಠವೆಂಬ ಆಚಾರವಿದೆಯಲ್ಲಾ ಎಂದು ಕೆಲವರು ಕೇಳಬಹುದು. ಇದೆ. ಆದರೆ ಯಾವ ಎಲೆಯನ್ನು ಕೊಯ್ಯಬೇಕೆಂಬುದನ್ನಷ್ಟೇ ಅದು ಹೇಳುವುದು, ಯಾರನ್ನೂ ಕೊಲ್ಲಹೇಳುವುದಿಲ್ಲ. ಕೋಪವು ಶಿವನ ಸಲುವಾಗಿಯೇ ಬಂದುದಾದರೆ, ಅಡುಗೆಗೆಂದು ಬೆಳೆಸಿದ ಕರಿಬೇವಿನ ಮೇಲೆ ಅದೇ ಹುಳುವನ್ನು ಕಂಡಾಗ ಕೈ ಅಷ್ಟೇ ಬೇಗ ಏಕೆ ಏಳಬೇಕು? ಬಯಲಿನ ಎಕ್ಕದ ಗಿಡವನ್ನು ನೋಡಿರಿ. ಅದರ ಹೂವೂ ಶಿವಪೂಜೆಗೆ ಸಲ್ಲತಕ್ಕದ್ದೇ. ಕಿತ್ತಳೆ ಬಣ್ಣದ ಒಂದು ಪಾತರಗಿತ್ತಿಯ ಹುಳುಗಳು ಅದರ ವಿಷದ ಹಾಲನ್ನೂ ಅರಗಿಸಿಕೊಂಡು, ಆ ವಿಷದಿಂದಲೇ ಹಕ್ಕಿಗಳ ಬಾಯಿಂದ ಪಾರಾಗುವುವು. ಗಿಡವೆಲ್ಲ ಬೋಳಾದರೂ ದಾರಿಹೋಕನು ಸಿಟ್ಟಾಗುವುದಿಲ್ಲ. ಆ ಗಿಡಕ್ಕೆ ಒಡೆಯನಿಲ್ಲ.

ಗಿಡವು ಮೊಳದುದ್ದದ ಸಸಿಯಾಗಿದ್ದರೆ ನಾಲ್ಕು ಹುಳುಗಳೇ ಅದನ್ನು ಬೋಳುಮಾಡಿಯಾವು. ಗೃಹಸ್ಥನ ಈ ಕಷ್ಟವು ನಿಜವಾದುದೇ. ಆಗ ಎಲೆಸಮೇತ ಹುಳುವನ್ನೆತ್ತಿ ದೊಡ್ಡ ಬಿಲ್ವದ ಕೊಂಬೆಗೆ ದಾಟಿಸಬಹುದು. ಅಲ್ಲಿ ಅದು ಉಂಡು ಬೆಳೆದು, ನಡುವಿಗೊಂದು ನೂಲನ್ನು ಬಿಗಿದುಕೊಂಡು ಕಡ್ಡಿಗೆ ಆತು ಮಲಗುವುದು. ಕೆಲವು ವಾರಗಳಲ್ಲಿ ಅದೇ ಅಂಗಳದ ಚೆಂಡುಹೂವಿಗೆ ಬಂದು ಕುಳಿತೀತು.